ಇಸಿಜಿ ನಾರ್ಮಲ್, ಆದ್ರೂ ಎದಿ ಧಡಧಡ

ದಪ್ಪನೆಯ ಫೈಲ್ ಹಿಡಿದು ಆಪ್ತಸಲಹೆಗೆ ನನ್ನ ಹತ್ತಿರ ಬರುವವರು ಕಲಬುರಗಿಯಲ್ಲಿ ಈಗ ಜಾಸ್ತಿ ಆಗಿದ್ದಾರೆ. ಒಳಗೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ), ಥೈರಾಯ್ಡ್ ರಿಪೋರ್ಟು. "ಎಲ್ಲಾ ನಾರ್ಮಲ್ ಅದ ಅಂತಾರ್ರಿ, ಮತ್ತ ನನಗ್ಯಾಕ ಹಿಂಗ ಆಗ್ತದ?" ಅನ್ನುವುದು ಎಲ್ಲರದೂ ಒಂದೇ ಪ್ರಶ್ನೆ. ಮತ್ತೆ ಮತ್ತೆ ಇದನ್ನೇ ಕೇಳುತ್ತಿರುವುದರಿಂದ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತು ದಾಟಿದವರು. ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡುತ್ತಾರೆ. ಅಣ್ಣ ಹೃದಯಾಘಾತದಿಂದ ತೀರಿಕೊಂಡ ಮೇಲೆ ಒಂದು ರಾತ್ರಿ ಇವರಿಗೂ ಎದೆ ಬಡಿತ ಏರಿತು, ಮೈಯೆಲ್ಲ ಬೆವರಿತು, ತುಟಿ ಜುಮ್ ಅಂದವು. ಆಟೊ ಹಿಡಿದು ಆಸ್ಪತ್ರೆಗೆ ಓಡಿದರು. ಏನೂ ಇರಲಿಲ್ಲ. ಆಮೇಲೆ ಅದು ಮರಳಿ ಮರಳಿ ಬಂತು. ಮನೋವೈದ್ಯರು ಇದನ್ನು ಪ್ಯಾನಿಕ್ ಡಿಸಾರ್ಡರ್ (ಹಠಾತ್ತಾಗಿ ವಿಪರೀತ ಹೆದರಿಕೆ ಮರಳಿ ಮರಳಿ ಬರುವ ತೊಂದರೆ) ಎಂದು ಗುರುತಿಸಿ, ಮಾತ್ರೆ ಶುರು ಮಾಡಿ, ನನ್ನ ಹತ್ತಿರ ಕಳಿಸಿದರು.

ನನ್ನ ಕೋಣೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅವರು ಒಂದೊಂದು ತಿರುವಿನಲ್ಲೂ ನಿಂತು ನಿಂತು ಮೇಲೆ ಬರುತ್ತಿದ್ದರು. ಅಂಗಿ ಜೇಬಿನಲ್ಲಿ ಕೊರೊನಾ ಕಾಲದ ಆಕ್ಸಿಮೀಟರ್. ಅದರ ಹಿಂದೆ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಯಾರೋ ನೆಂಟರು ಕೊಟ್ಟ, ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ. ಮಾತಾಡುತ್ತಲೇ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸುತ್ತಿದ್ದರು, ಅಂಕಿ ನೋಡಿ ತೆಗೆಯುತ್ತಿದ್ದರು, ಸ್ವಲ್ಪ ಹೊತ್ತಿಗೆ ಮತ್ತೆ ಸಿಕ್ಕಿಸುತ್ತಿದ್ದರು. ಓಣಿ ತುದಿಯ ಅಂಗಡಿಗೂ ಬೈಕು. ಶರಣಬಸವೇಶ್ವರ ಜಾತ್ರೆಗೆ ಹೋಗುವುದು ನಿಂತಿತ್ತು. ಚಹಾ ಬಿಟ್ಟಿದ್ದರು. ಸಣ್ಣ ಮಗಳನ್ನು ಎತ್ತಿ ಆಡಿಸುವುದನ್ನೂ ಬಿಟ್ಟಿದ್ದರು. ಎದೆ ಬಡಿತ ಏರಿಸುವ ಯಾವುದೂ ಬೇಡ, ಅಷ್ಟೆ.

ಇಡೀ ದಿನ ಮೈಮೇಲೆ ಕಣ್ಣಿಟ್ಟವರಿಗೆ ಮೈಯ ಅರಿವು ಜಾಸ್ತಿ ಅಂತ ಅನ್ನಿಸಬಹುದು. ನಾನು ಒಪ್ಪುವುದಿಲ್ಲ. ಇವರಿಗೆ ಬಡಿತ ಕೇಳುತ್ತಿತ್ತು, ಅದು ಯಾಕೆ ಏರಿದೆ ಅನ್ನುವುದು ತಿಳಿಯುತ್ತಿರಲಿಲ್ಲ. ಬಿಸಿಲಲ್ಲಿ ಬೈಕ್ ಓಡಿಸಿ ಬಂದರೂ, ಹೊಟ್ಟೆ ಹಸಿದರೂ, ಮಾಲಕರ ಮೇಲೆ ಸಿಟ್ಟು ಬಂದರೂ ಎಲ್ಲಕ್ಕೂ ಒಂದೇ ಅರ್ಥ: ಹಾರ್ಟ್ ಅಟ್ಯಾಕ್. ಹೃದಯ, ಉಸಿರು, ಹೊಟ್ಟೆಯಿಂದ ಬರುವ ಸುದ್ದಿ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಹೋಗುತ್ತದೆ. ಆ ಸುದ್ದಿಯನ್ನು ಹೇಗೆ ಓದಿಕೊಳ್ಳುತ್ತೇವೆ ಅನ್ನುವುದರಲ್ಲಿ ಹಿಂದೆ ಕಲಿತದ್ದರ ಪಾಲು ದೊಡ್ಡದು. ಅಪಾಯ ಅಂದುಕೊಂಡ ಕೂಡಲೇ ಅಡ್ರಿನಲಿನ್ ಏರುತ್ತದೆ, ಬಡಿತ ಇನ್ನೂ ಜೋರಾಗುತ್ತದೆ. ಹೆದರಿ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗಿದ ಹಾಗಾಗುತ್ತದೆ, ತುಟಿ, ಬೆರಳು ಜುಮ್ ಅನ್ನುತ್ತವೆ. ಅದಕ್ಕೆ ಮತ್ತಷ್ಟು ಹೆದರಿಕೆ.

ಫೈಲಿನಲ್ಲಿದ್ದ ಟಿಎಂಟಿ ರಿಪೋರ್ಟ್ ತೆಗೆದೆ. ಬಡಿತ ನಿಮಿಷಕ್ಕೆ 160 ದಾಟಿತ್ತು.

"ಇಷ್ಟು ಏರಿದಾಗಲೂ ನಿಮಗೆ ಏನೂ ಆಗ್ಲಿಲ್ಲ ಅಲ್ವಾ?"

"ಅಲ್ಲಿ ಡಾಕ್ಟರ್ ಇದ್ರಲ್ರಿ ಮೇಡಂ."

ಯೋಚನೆಯೇ ಮಾಡದೆ ಬಂದ ಉತ್ತರ. ಡಾಕ್ಟರ್ ಪಕ್ಕದಲ್ಲಿದ್ದರೆ ಹೃದಯ ಗಟ್ಟಿ, ಇಲ್ಲದಿದ್ದರೆ ಯಾವಾಗ ಬೇಕಾದರೂ ನಿಲ್ಲಬಹುದು ಅನ್ನುವ ನಂಬಿಕೆ ಅದು. ಇದನ್ನು ಮಾತಿನಿಂದ ಬಿಡಿಸಲು ಆಗುವುದಿಲ್ಲ. "ನಿಮ್ಮ ಹೃದ್ರೋಗ ವೈದ್ಯರನ್ನು ಕೇಳಿ ಬನ್ನಿ, ಮೆಟ್ಟಿಲು ಹತ್ತಬಹುದಾ, ಜೋರಾಗಿ ನಡೆಯಬಹುದಾ ಅಂತ" ಎಂದು ಕಳಿಸಿದೆ. ಧಾರಾಳವಾಗಿ ಅಂದರಂತೆ ವೈದ್ಯರು.

ಮುಂದಿನ ಸಲ ಬಂದಾಗ ಕುರ್ಚಿಯಲ್ಲಿ ಕೂರಿಸಲಿಲ್ಲ. ಆಕ್ಸಿಮೀಟರ್ ನನ್ನ ಮೇಜಿನ ಮೇಲೆ ಇಡಿಸಿದೆ. ಇಬ್ಬರೂ ಕೆಳಗಿಳಿದು, ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಮೇಲೆ ಹತ್ತಿದೆವು. ನಡುವೆ ಕಂಬಿ ಹಿಡಿದು ನಿಲ್ಲಲು ನೋಡಿದರು. "ನಡೀರಿ, ನಾನೂ ಏದುಸಿರು ಬಿಡ್ತಾ ಇದ್ದೀನಿ" ಅಂದೆ. ಮೇಲೆ ಬಂದ ಮೇಲೆ ಮಣಿಕಟ್ಟಿನ ನಾಡಿ ಹಿಡಿಯುವುದನ್ನು ತೋರಿಸಿದೆ. ಸಮಾಧಾನದ ಮಾತು ಆಡಲಿಲ್ಲ. ದೀರ್ಘವಾಗಿ ಉಸಿರು ತೆಗೆದುಕೊಳ್ಳಿ ಅಂತಲೂ ಹೇಳಲಿಲ್ಲ. ಬಡಿತ ಎಲ್ಲೆಲ್ಲಿ ಗೊತ್ತಾಗುತ್ತಿದೆ ಅಂತ ಮಾತ್ರ ಕೇಳಿದೆ. ಎದೆಯಲ್ಲಿ, ಗಂಟಲಲ್ಲಿ, ಕಿವಿಯಲ್ಲಿ ಅಂದರು. ಮೀನಖಂಡ ಬಿಸಿಯಾಗಿದೆ ಅಂದರು. ಸ್ವಲ್ಪ ಹೊತ್ತಿಗೆ, "ಇಳಿಲಕತ್ತದ್ರಿ" ಅಂದರು.

ಎರಡನೇ ಸಲ ಒಬ್ಬರನ್ನೇ ಕಳಿಸಿದೆ. ಮೇಲೆ ಬಂದು ಬಾಗಿಲಲ್ಲೇ ನಿಂತು ನಾಡಿ ಹಿಡಿದುಕೊಂಡು ನನ್ನನ್ನೇ ನೋಡಿದರು. "ಮೇಡಂ, ಇದೂ ಅದೇ ಬಡಿತ ಅಲ್ಲೇನ್ರಿ? ರಾತ್ರಿ ಬರ್ತದಲ್ಲ, ಅದೇ. ಮತ್ತ ಇದಕ್ಕ್ಯಾಕ ಅಂಜಿಕಿ ಬರಲಿಲ್ಲ?"

ನಾನು ಉತ್ತರ ಹೇಳಲಿಲ್ಲ. ಅವರೇ ಹೇಳಿದರು: "ಇದು ಯಾಕ ಬಂತು ಅಂತ ಗೊತ್ತದ ನನಗ."

ನಾನು ನಡಿಗೆಯನ್ನು ಸಲಹೆಯಾಗಿ ಕೊಡುವುದು ಈ ತಿಳಿವಿಗಾಗಿಯೇ. "ವಾಕಿಂಗ್ ಹೋಗಿ ಅನ್ನೋಕೆ ಆಪ್ತಸಲಹೆಗಾರರು ಬೇಕಾ?" ಅಂತ ಕೆಲವರು ಕೇಳಿದ್ದಾರೆ. ಸುಮ್ನೆ ವಾಕಿಂಗ್ ಹೋಗಿ ಅಂದರೆ ಇಂಥವರು ಹೋಗುವುದಿಲ್ಲ. ಹೋದರೂ ಬಡಿತ ಏರಿದ ಕೂಡಲೇ ವಾಪಸ್ ಬರುತ್ತಾರೆ, ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ. ಪ್ರಾಣಾಯಾಮ ಸಾಲದಾ ಅಂತಲೂ ಕೇಳುತ್ತಾರೆ. ಒಳ್ಳೆಯದೇ, ಮಾಡಲಿ. ಆದರೆ ಇವರು ಬಡಿತದಿಂದ ತಪ್ಪಿಸಿಕೊಳ್ಳಲು ಪ್ರಾಣಾಯಾಮ ಮಾಡುತ್ತಿದ್ದರು. ಬಡಿತ ಏರಲಿ, ಅದರ ಜೊತೆ ಇದ್ದು ನೋಡಲಿ, ಅದು ತಾನಾಗಿ ಇಳಿಯುವುದನ್ನು ಕಾಣಲಿ ಅನ್ನುವುದು ನನ್ನ ಹಟ. ದಿನಾ ಹೀಗೆ ಆದರೆ ಮೈ ಕಲಿಯುತ್ತದೆ.

ಮಾತ್ರೆ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. 1998ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಪ್ಯಾನಿಕ್ ಇದ್ದವರನ್ನು ಮೂರು ಗುಂಪು ಮಾಡಿ 10 ವಾರ ನೋಡಿದರು: ಓಟ, ಕ್ಲೋಮಿಪ್ರಮಿನ್ ಎಂಬ ಖಿನ್ನತೆ-ಆತಂಕದ ಮಾತ್ರೆ, ಔಷಧಿ ಇಲ್ಲದ ಹುಸಿ ಮಾತ್ರೆ. ಓಡಿದವರಿಗೆ ಹುಸಿ ಮಾತ್ರೆಯವರಿಗಿಂತ ಚೆನ್ನಾಗಿ ಗುಣ ಕಂಡಿತು. ಕ್ಲೋಮಿಪ್ರಮಿನ್ ಅದಕ್ಕಿಂತ ಬೇಗ, ಇನ್ನೂ ಜಾಸ್ತಿ ಕೆಲಸ ಮಾಡಿತು. ಎರಡನ್ನೂ ಪೂರ್ತಿ ಹೇಳಬೇಕು. ಬರೀ ಮೊದಲರ್ಧ ಹೇಳಿ ಮಾತ್ರೆ ಬಿಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅವರಿಗೆ ಕೊಟ್ಟ ಸಲಹೆ ಇಷ್ಟು. ಹತ್ತು ನಿಮಿಷದ ಚುರುಕು ನಡಿಗೆಯಿಂದ ಶುರು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ. ನಿಧಾನಕ್ಕೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷ. ನಮ್ಮ ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮುಂಚೆಯೇ ಮುಗಿಸಬೇಕು. ಸೆಕೆಯೇ ಬಡಿತ ಏರಿಸುತ್ತದೆ, ನೀರು ಕಡಿಮೆಯಾದರೆ ತಲೆ ತಿರುಗುತ್ತದೆ, ಆಗ ಲೆಕ್ಕ ತಪ್ಪುತ್ತದೆ. ಮೊದಲ ಕೆಲವು ವಾರ ಇಯರ್‌ಫೋನ್ ಬೇಡ. ನಡೆದ ಮೇಲೆ ಮೂರು ನಿಮಿಷ ಕೂತು ಎದೆ, ಉಸಿರು, ಬೆವರು, ಕಾಲು ಗಮನಿಸಿ "ಬಡಿತ ಅದ, ನಡೆದಿದ್ದಕ್ಕ ಅದ" ಎಂದು ಹೇಳಿಕೊಳ್ಳಬೇಕು. ಆಕ್ಸಿಮೀಟರ್ ಮೊದಲು ಜೇಬಲ್ಲಿರಲಿ, ನೋಡಬಾರದು. ಆಮೇಲೆ ಮನೆಯಲ್ಲಿ. ನೆಂಟರ ಮಾತ್ರೆಯನ್ನು ವೈದ್ಯರ ಕೈಗೆ ಕೊಡಿಸಿದೆ. ಅದು ರಕ್ತದೊತ್ತಡ ಇಳಿಸಿ ತಲೆ ಸುತ್ತಿಸಬಹುದು, ಬಡಿತವನ್ನೇ ಏರಿಸಬಹುದು.

ಹೆಂಡತಿಗೂ ಒಂದು ಮಾತು ಹೇಳಿದೆ. ಪಾಪ, ಅವರು ಗಳಿಗೆಗೊಮ್ಮೆ "ಈಗ ಹ್ಯಾಂಗ ಅದರಿ?" ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ. ಆದರೆ ಪ್ರತಿ ಸಲ ಕೇಳಿದಾಗಲೂ ಗಂಡನ ಗಮನ ಎದೆಗೇ ಹೋಗುತ್ತಿತ್ತು. ಕೇಳುವುದು ಬಿಟ್ಟು ಜೊತೆಗೆ ನಡೆಯಿರಿ ಅಂದೆ. ಈಗ ಇಬ್ಬರೂ ಅಪ್ಪನ ಕೆರೆ ಕಡೆ ಹೋಗುತ್ತಾರೆ.

ರಾತ್ರಿಯ ಬಡಿತ ಪೂರ್ತಿ ನಿಂತಿಲ್ಲ. ಬಂದಾಗ ಎದ್ದು ಕೂತು, ಇಳಿಯುವವರೆಗೆ ನೋಡಿ ಮಲಗುತ್ತಾರಂತೆ. ಆಟೊ ಹತ್ತಿಲ್ಲ. ಸಿಟ್ಟು ಬಂದಾಗ ಅದು ಸಿಟ್ಟು ಅಂತ ಗೊತ್ತಾಗುತ್ತಿದೆ, ಮಾಲಕರ ಮುಂದೆ ಎರಡು ಮಾತು ಆಡಿಯೂ ಬಂದಿದ್ದಾರೆ. ಮಾತ್ರೆಯನ್ನು ಮನೋವೈದ್ಯರು ನಿಧಾನಕ್ಕೆ ಇಳಿಸುತ್ತಿದ್ದಾರೆ.

ಓದಿದವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ನಡೆಯುವಾಗ ಎದೆ ಹಿಂಡಿದ ಹಾಗೆ ನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಕಣ್ಣು ಕತ್ತಲೆ ಬಂದು ಬೀಳುವ ಹಾಗಾಗುವುದು ಇದ್ದರೆ ಅದು ಪ್ಯಾನಿಕ್ ಅಂತ ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಪರೀಕ್ಷೆ ಎಲ್ಲ ಸರಿ ಇದ್ದೂ ಹೆದರಿಕೆ ಬಿಡದಿದ್ದರೆ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಇಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.