ಓದುಗರ ಪ್ರಶ್ನೆ: ಲವಂಗದ ಎಣ್ಣೆ ನೀರು ಬಿಟ್ಟು ಬರುತ್ತಿಲ್ಲ!

ಪ್ರಶ್ನೆ: ಲ್ಯಾಬ್‌ನಲ್ಲಿ ಲವಂಗ ಬಟ್ಟಿ ಇಳಿಸಿದೆ. ಹಾಲಿನಂಥ ನೀರು ಬಂತು, ಮೇಲೆ ಎಣ್ಣೆ ತೇಲಲೇ ಇಲ್ಲ. ಎಣ್ಣೆಯನ್ನು ಕರಗಿಸಿಕೊಳ್ಳುವ ದ್ರಾವಕ ಡೈಕ್ಲೋರೋಮೀಥೇನ್ ಹಾಕಿ ಜೋರಾಗಿ ಕುಲುಕಿದರೆ ಎರಡು ಪದರಗಳ ನಡುವೆ ನೊರೆ ನಿಂತುಬಿಟ್ಟಿದೆ. ಚೆಲ್ಲಿ ಮತ್ತೆ ಶುರು ಮಾಡಲಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಚೆಲ್ಲಬೇಡಿ! ಏನೂ ಹಾಳಾಗಿಲ್ಲ. ಲವಂಗದ ಎಣ್ಣೆ ತೇಲುವುದೇ ಇಲ್ಲ. ಅದರಲ್ಲಿ ಬಹುಪಾಲು ಯೂಜಿನಾಲ್, ಸಾಂದ್ರತೆ ಸುಮಾರು 1.06, ನೀರಿಗಿಂತ ಭಾರ. ಸಣ್ಣ ಸಣ್ಣ ಹನಿಗಳಾಗಿ ನೀರಿನ ತುಂಬ ಹರಡಿಕೊಂಡಿರುವುದರಿಂದಲೇ ಆ ಹಾಲಿನ ಬಣ್ಣ.

ಮೊದಲು ನೊರೆಯ ವಿಚಾರ. ಫನಲ್ ಅನ್ನು (ಪದರ ಬೇರೆ ಮಾಡುವ, ಕೆಳಗೆ ನಲ್ಲಿ ಇರುವ ಗಾಜಿನ ಪಾತ್ರೆ) ಸ್ಟ್ಯಾಂಡಿಗೆ ಹಾಕಿ ಸುಮ್ನೆ ಸ್ವಲ್ಪ ಹೊತ್ತು ಬಿಡಿ. ಆಗಲೂ ನೊರೆ ಒಡೆಯದಿದ್ದರೆ ಗಟ್ಟಿ ಉಪ್ಪುನೀರು ಸ್ವಲ್ಪ ಹಾಕಿ ಮೆಲ್ಲಗೆ ಸುತ್ತಿಸಿ. ಉಪ್ಪು ಸೇರಿದ ನೀರಿನಲ್ಲಿ ಎಣ್ಣೆ ಕರಗುವುದು ಕಡಿಮೆ, ನೊರೆಯೂ ಒಡೆಯುತ್ತದೆ. ಮುಂದಿನ ಸಲ ಕುಲುಕಬೇಡಿ, ಫನಲ್ ಅನ್ನು ನಿಧಾನವಾಗಿ ತಲೆಕೆಳಗು ಮಾಡಿ, ಪ್ರತಿ ಸಲ ನಲ್ಲಿ ತೆರೆದು ಒಳಗಿನ ಒತ್ತಡ ಬಿಡಿ, ಯಾಕೆಂದರೆ ಡೈಕ್ಲೋರೋಮೀಥೇನ್ 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಮಂಡ್ಯದ ಏಪ್ರಿಲ್ ಬಿಸಿಲು ಅದಕ್ಕೆ ಹೆಚ್ಚು ದೂರವಿಲ್ಲ ಅಲ್ವಾ? ಕೆಳಗಿನ ಪದರ ಇಳಿಸುವ ಮುಂಚೆ ಮೇಲಿನ ಬಿರಡೆ ತೆಗೆಯಲೇಬೇಕು, ಇಲ್ಲದಿದ್ದರೆ ಇಳಿಯುವುದಿಲ್ಲ. ಯಾವ ಪದರ ನೀರು ಅಂತ ಅನುಮಾನ ಬಂದರೆ ಮೇಲಿನಿಂದ ಒಂದು ಹನಿ ನೀರು ಬಿಡಿ, ಅದು ಯಾವ ಪದರಕ್ಕೆ ಸೇರಿಕೊಳ್ಳುತ್ತದೋ ಅದೇ ನೀರು. ಕೆಲಸ ಪೂರ್ತಿ ಮುಗಿಯುವವರೆಗೆ ಎರಡೂ ಪದರ ಇಟ್ಟುಕೊಂಡಿರಿ.

ಎಲ್ಲ ದ್ರಾವಕವನ್ನೂ ಒಂದೇ ಸಲ ಸುರಿಯುವುದು ನಷ್ಟ. ಒಂದು ಪದಾರ್ಥ ನೀರಿಗಿಂತ ದ್ರಾವಕದಲ್ಲಿ ನಾಲ್ಕು ಪಟ್ಟು ಜಾಸ್ತಿ ಸೇರುತ್ತದೆ ಅಂದುಕೊಳ್ಳಿ. 100 ಎಂಎಲ್ ನೀರಿಗೆ 100 ಎಂಎಲ್ ದ್ರಾವಕ ಒಟ್ಟಿಗೆ ಹಾಕಿದರೆ ನೀರಲ್ಲಿ ಶೇ. 20 ಉಳಿಯುತ್ತದೆ. 50ರಂತೆ ಎರಡು ಸಲ ಹಾಕಿದರೆ ಶೇ. 11. 25ರಂತೆ ನಾಲ್ಕು ಸಲ ಹಾಕಿದರೆ ಶೇ. 6 ಮಾತ್ರ. ಬಟ್ಟೆಯನ್ನು ಒಂದೇ ಬಕೆಟ್ ನೀರಲ್ಲಿ ಅದ್ದುವುದಕ್ಕಿಂತ ಅದೇ ನೀರನ್ನು ಹಂಚಿಕೊಂಡು ಮೂರು ಸಲ ಜಾಲಿಸಿದ ಹಾಗೆ.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ದ್ರಾವಕಕ್ಕೆ ಬಂದದ್ದು ಬರೀ ಯೂಜಿನಾಲ್ ಅಲ್ಲ, ಜೊತೆಗೆ ಕ್ಯಾರಿಯೋಫಿಲೀನ್‌ನಂಥ ಎಣ್ಣೆಯ ಬೇರೆ ಅಂಶಗಳೂ ಇರುತ್ತವೆ. ಯೂಜಿನಾಲ್ ಒಂದು ಫೀನಾಲ್, ಅಂದರೆ ಸ್ವಲ್ಪ ಆಮ್ಲ ಗುಣ. ದ್ರಾವಕವನ್ನು ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದ ಜೊತೆ ಸೇರಿಸಿದರೆ ಯೂಜಿನಾಲ್ ಲವಣವಾಗಿ ನೀರಿಗೆ ಬರುತ್ತದೆ, ಉಳಿದವು ದ್ರಾವಕದಲ್ಲೇ ಇರುತ್ತವೆ. ಆ ನೀರನ್ನು ಬೇರೆ ಮಾಡಿ, ತಣ್ಣಗಿಟ್ಟು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹನಿ ಹನಿಯಾಗಿ ಬಿಡಿ. ತಿಳಿಯಾಗಿದ್ದ ನೀರು ಕಣ್ಣೆದುರೇ ಬೆಳ್ಳಗಾಗುತ್ತದೆ, ಲವಂಗದ ಘಮ ಮೂಗಿಗೆ ಹೊಡೆಯುತ್ತದೆ. ನೀಲಿ ಲಿಟ್ಮಸ್ ಕೆಂಪಾದ ಮೇಲೆ ಹೊಸ ದ್ರಾವಕದಿಂದ ಮತ್ತೆ ತೆಗೆಯಿರಿ. ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ, ಪುಡಿ ಗಂಟು ಕಟ್ಟದೆ ಓಡಾಡುವವರೆಗೆ ಸೇರಿಸುತ್ತ ಹೋಗಿ, ಸೋಸಿ, ದ್ರಾವಕ ಹಾರಿಸಿ. ಎಲ್ಲವೂ ಫ್ಯೂಮ್ ಹುಡ್‌ನಲ್ಲೇ (ಆವಿಯನ್ನು ಹೊರಗೆ ಎಳೆದುಬಿಡುವ ಲ್ಯಾಬ್ ಗೂಡು) ಆಗಲಿ. ಪೆಟ್ರೋಲ್ ಇಟ್ಟುಕೊಂಡು ಮನೆಯಲ್ಲಿ ಪ್ರಯತ್ನಿಸುವ ಯೋಚನೆ ಯಾರಿಗೂ ಬೇಡ, ಅದರ ಆವಿ ನೆಲದ ಮೇಲೆ ಹರಿದು ದೂರದ ಒಲೆಯ ಬೆಂಕಿಯನ್ನೂ ಮುಟ್ಟುತ್ತದೆ.

ಪ್ರಶ್ನೆ: ಮೈಸೂರು ಮಲ್ಲಿಗೆಯ ಎಣ್ಣೆಯನ್ನೂ ಹೀಗೇ ಬಟ್ಟಿ ಇಳಿಸಿ ತೆಗೆಯಬಹುದೇ?
– ಗೃಹಿಣಿ, ಮೈಸೂರು

ಉತ್ತರ: ಬೇಡ, ಆವಿಯ ಬಿಸಿಗೆ ಮಲ್ಲಿಗೆಯ ಪರಿಮಳ ಕೆಡುತ್ತದೆ. ಕಾರ್ಖಾನೆಗಳಲ್ಲಿ ಹೂವನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ, ಆ ದ್ರಾವಕವನ್ನು ಹಾರಿಸಿದಾಗ ಉಳಿಯುವ ಮೇಣದಂಥ ಮುದ್ದೆಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ತಣ್ಣಗೆ ಮಾಡುತ್ತಾರೆ. ಮೇಣ ಗಟ್ಟಿಯಾಗುತ್ತದೆ, ಪರಿಮಳ ಆಲ್ಕೋಹಾಲ್‌ನಲ್ಲಿ ಉಳಿಯುತ್ತದೆ. ಮನೆಗೆ ಹಳೇ ದಾರಿಯೇ ಒಳ್ಳೆಯದು: ಎಳ್ಳಿನ ಮೇಲೆ ಹೂವನ್ನು ಹರಡಿ, ಬಾಡಿದ್ದನ್ನು ತೆಗೆದು ಹೊಸದು ಹಾಕುತ್ತ ಹೋಗಿ, ಎಳ್ಳಿಗೆ ವಾಸನೆ ಚೆನ್ನಾಗಿ ಹಿಡಿದ ಮೇಲೆ ಗಾಣಕ್ಕೆ ಕೊಡಿ.