ಹಳೇ ಲ್ಯಾಪ್‌ಟಾಪ್ ಹೊಸ ವೈಫೈಗೆ ಸೇರುತ್ತಿಲ್ಲ, ಎಸೆದುಬಿಡಬೇಕಾ?

ಎಸೀಬೇಡಿ. ಇನ್ನೊಂದು ಸಂಜೆ ತಡೀರಿ.

ನೀವು ಬರೆದಿರೋದು ಇಷ್ಟು: ವಿಂಡೋಸ್ 7 ಇರುವ ಹಳೇ ಲ್ಯಾಪ್‌ಟಾಪು. ಮನೆಗೆ ಫೈಬರ್ ಕನೆಕ್ಷನ್ನು, ಹೊಸ ರೌಟರ್ ಬಂದಿದೆ. ಮೊಬೈಲು, ಟಿವಿ, ಹೊಸ ಕಂಪ್ಯೂಟರು ಎಲ್ಲಕ್ಕೂ ನೆಟ್ ಬರುತ್ತೆ, ಲ್ಯಾಪ್‌ಟಾಪ್‌ಗೆ ಮಾತ್ರ ಒಂದು ದಿನ ಬಂದರೆ ಎರಡು ದಿನ ಇಲ್ಲ. ಬಂದ ದಿನವೂ ಅದರೊಳಗಿನ ಫೋಟೋ ಫೋಲ್ಡರನ್ನು ಹೊಸ ಕಂಪ್ಯೂಟರಿಂದ ತೆರೆಯೋಕೆ ಆಗಲ್ಲ. ಕನೆಕ್ಷನ್ ಕೊಡೋಕೆ ಬಂದ ಹುಡುಗ "ಲ್ಯಾಪ್‌ಟಾಪ್ ಹಳೇದಾಯ್ತು ಸರ್, ಬಿಟ್ಟಾಕಿ" ಅಂದುಬಿಟ್ಟಿದ್ದಾನೆ.

ಆ "ಒಂದು ದಿನ ಬಂದರೆ ಎರಡು ದಿನ ಇಲ್ಲ" ಅನ್ನೋ ಮಾತು ನೋಡಿಯೇ ನಾನು ಉತ್ತರ ಬರೆಯೋಕೆ ಕೂತಿದ್ದು. ಹನುಮಂತನಗರದಲ್ಲಿ ನಮ್ಮಪ್ಪನ ಮನೆಯಲ್ಲೂ ಥೇಟ್ ಇದೇ ಕಥೆ. 2011ರಲ್ಲಿ ಅಕ್ಕ ಅಮೆರಿಕದಿಂದ ಬರುವಾಗ ತಂದುಕೊಟ್ಟ ಲ್ಯಾಪ್‌ಟಾಪ್ ಅದು. ಅಪ್ಪ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟದ್ದೆಲ್ಲ ಅದರಲ್ಲೇ ಇದೆ, ಬೇರೆ ಮೆಷಿನ್ ಮುಟ್ಟಲ್ಲ ಅಂತ ಹಟ. ಹೊಸ ರೌಟರ್ ಬಂದ ಮೇಲೆ ಅವರದ್ದು ಒಂದೇ ದೂರು: "ಕರೆಂಟ್ ಹೋಗಿ ಬಂದ್ರೆ ನನ್ ಲ್ಯಾಪ್‌ಟಾಪ್‌ಗೆ ನೆಟ್ ಸಿಗಲ್ಲ ಕಣೋ." ನಾನು ನಕ್ಕೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಿರುತ್ತೆ, ಮಿಕ್ಕವರಿಗೆಲ್ಲ ಬರೋ ನೆಟ್ ಇದಕ್ಕೊಂದಕ್ಕೆ ಯಾಕೆ ಬರಬಾರದು ಅಂತ. ವೈಫೈ ಕಾರ್ಡಿನ ಡ್ರೈವರ್, ಅಂದರೆ ಅದನ್ನು ನಡೆಸೋ ಸಾಫ್ಟ್‌ವೇರ್, ಕಿತ್ತು ಮತ್ತೆ ಹಾಕಿದೆ, ನೆಟ್‌ವರ್ಕ್ ಸೆಟ್ಟಿಂಗ್ ಪೂರಾ ಅಳಿಸಿ ಹೊಸದಾಗಿ ಮಾಡಿದೆ. ಸರಿಯಾಯ್ತು ಅಂದುಕೊಂಡು ಮನೆಗೆ ಬಂದ ಮೂರನೇ ದಿನಕ್ಕೆ ಮತ್ತೆ ಫೋನು.

ಕೊನೆಗೆ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋಗಿ ಹೆಬ್ಬೆರಳಿನ ಉಗುರಿನಷ್ಟಿರೋ ಯುಎಸ್‌ಬಿ ವೈಫೈ ಡಾಂಗಲ್ ತಂದು ಚುಚ್ಚಿದೆ. ನೆಟ್ ಬಂತು. ಅಲ್ಲಿಗೆ ಬಿಟ್ಟಿದ್ದರೆ ಆಗ್ತಿತ್ತು, ಆದರೆ ಮನಸ್ಸು ತಡೀಲಿಲ್ಲ. ಡಾಂಗಲ್‌ಗೆ ಸುತ್ತಮುತ್ತಲಿನ ವೈಫೈ ಹೆಸರು 19 ಕಾಣ್ತಿದ್ದವು, ಲ್ಯಾಪ್‌ಟಾಪ್ ಒಳಗಿನ ಕಾರ್ಡಿಗೆ 16. ಕಾಣದ ಮೂರರಲ್ಲಿ ನಮ್ಮದೂ ಒಂದು. ಮೊಬೈಲಿಗೆ ವೈಫೈ ಅನಲೈಸರ್ ಥರದ ಒಂದು ಆ್ಯಪ್ ಹಾಕಿ ನೋಡಿದರೆ ಆ ಮೂರೂ 12, 13ನೇ ಚಾನೆಲ್ಲಿನಲ್ಲಿದ್ದವು.

ಕಥೆ ಇಷ್ಟೇ. ಮನೆಯ ವೈಫೈ ಹೆಚ್ಚಾಗಿ ಓಡೋದು ಎರಡು ದಾರಿಯಲ್ಲಿ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಾರ್ಡುಗಳಿಗೆ ಗೊತ್ತಿರೋದು 2.4 ಒಂದೇ. ಈ 2.4ರೊಳಗೆ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್ ಬಳಸಬಹುದು. ಅಮೆರಿಕದಲ್ಲಿ ಬಳಕೆಯಲ್ಲಿರೋದು 11ರವರೆಗೆ ಮಾತ್ರ, ಅಲ್ಲಿಗೆಂದು ತಯಾರಾದ ಹಲವು ಕಾರ್ಡುಗಳು 12, 13ರ ಕಡೆ ತಿರುಗಿಯೂ ನೋಡಲ್ಲ. ರೌಟರ್‌ನಲ್ಲಿ ಚಾನೆಲ್ 'ಆಟೋ' ಅಂತ ಇದ್ದರೆ ಅದು ಪ್ರತಿ ಸಲ ಆನ್ ಆದಾಗ ಸುತ್ತ ಯಾವುದು ಖಾಲಿ ಇದೆ ಅಂತ ಹುಡುಕುತ್ತೆ. ಗೋಡೆಗೆ ಗೋಡೆ ತಾಗಿದ ನಮ್ಮ ಬೀದಿಗಳಲ್ಲಿ 1, 6, 11 ಯಾವಾಗಲೂ ಕಿಕ್ಕಿರಿದಿರುತ್ತೆ, ಹಾಗಾಗಿ ಅಪ್ಪನ ರೌಟರ್ ಎಷ್ಟೋ ಸಲ 13ಕ್ಕೆ ಹೋಗಿ ಕೂರ್ತಿತ್ತು. ಕರೆಂಟ್ ಹೋದರೆ ರೌಟರ್ ಆಫ್ ಆಗಿ ಆನ್ ಆಗುತ್ತೆ, ಚಾನೆಲ್ ಬದಲಾಗುತ್ತೆ, ಲ್ಯಾಪ್‌ಟಾಪ್ ಕಣ್ಣಿಗೆ ಮನೆಯ ವೈಫೈ ಮಾಯ. ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಈ ವಿಷಯ ಅವರಿಗೆ ಹೇಳಿದ ಮೇಲೆ ನನಗೆ ಒಂದು ವಾರ ನೆಮ್ಮದಿ ಇರಲಿಲ್ಲ, ಅದು ಬೇರೆ.

ಆದ್ದರಿಂದ ಮೊದಲು ಮಾಡಬೇಕಾದ್ದು: ಮೊಬೈಲಲ್ಲೋ ಹೊಸ ಕಂಪ್ಯೂಟರಲ್ಲೋ ಬ್ರೌಸರ್ ತೆರೆದು ರೌಟರ್ ವಿಳಾಸ ಹೊಡೀರಿ. ಸಾಮಾನ್ಯವಾಗಿ 192.168.1.1 ಇರುತ್ತೆ, ವಿಳಾಸವೂ ಪಾಸ್‌ವರ್ಡೂ ರೌಟರ್ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತೆ. ಒಳಗೆ ವೈರ್‌ಲೆಸ್ ಅನ್ನೋ ಕಡೆ 2.4ರ ಚಾನೆಲ್ 'ಆಟೋ' ತೆಗೆದು 1, 6, 11ರಲ್ಲಿ ಯಾವುದಾದರೂ ಒಂದಕ್ಕೆ ಕಟ್ಟಿಹಾಕಿ. ಈ ಮೂರೇ ಯಾಕೆ ಅಂದರೆ ಅವು ಒಂದರ ಮೇಲೊಂದು ಬೀಳಲ್ಲ. ಗಿಜಿಗಿಜಿ ಇದ್ದರೂ ಪರವಾಗಿಲ್ಲ, ಕಾಣದ ಖಾಲಿ ದಾರಿಗಿಂತ ಕಾಣೋ ಗಿಜಿಗಿಜಿ ದಾರಿಯೇ ವಾಸಿ. ಅಲ್ಲೇ 2.4 ಆನ್ ಇದೆಯಾ ಅಂತಲೂ ನೋಡಿ. ಕನೆಕ್ಷನ್ ಕೊಡೋಕೆ ಬಂದವರು ವೇಗ ಚೆನ್ನಾಗಿ ಕಾಣಲಿ ಅಂತ 5 ಮಾತ್ರ ಸರಿಮಾಡಿ, 2.4ನ್ನು ಆಫ್ ಮಾಡಿಯೋ ಬೇರೆ ಹೆಸರಲ್ಲೋ ಬಿಟ್ಟುಹೋಗೋದುಂಟು.

ನಿಮ್ಮ ಲ್ಯಾಪ್‌ಟಾಪ್ ಇಲ್ಲೇ ಕೊಂಡಿದ್ದು, ಚಾನೆಲ್ ಬದಲಿಸಿದರೂ ಏನೂ ಆಗಲಿಲ್ಲ ಅಂದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮೊಬೈಲಿನ ಹಾಟ್‌ಸ್ಪಾಟನ್ನು 2.4ರಲ್ಲಿಟ್ಟು ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಸೇರಿತು ಅಂದರೆ ಕಾರ್ಡು ಚೆನ್ನಾಗಿದೆ, ತಕರಾರು ರೌಟರ್ ಸೆಟ್ಟಿಂಗಲ್ಲಿದೆ. ಅದಕ್ಕೂ ಸೇರದಿದ್ದರೆ ಆಗ ಲ್ಯಾಪ್‌ಟಾಪ್ ಮೇಲೆ ಅನುಮಾನ ಪಡಿ. ಹಾಗೆ ಪಡೋ ಮುಂಚೆ ಅದರ ಅಂಚಲ್ಲಿ ಚಿಕ್ಕ ವೈಫೈ ಸ್ವಿಚ್ ಇದೆಯಾ ನೋಡಿಬಿಡಿ. ಬ್ಯಾಗಿನಿಂದ ತೆಗೆಯುವಾಗ ಉಗುರು ತಾಗಿ ಆಫ್ ಆದ ಸ್ವಿಚ್ಚಿಗೆ ರಿಪೇರಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಬಂದವರು ನಮ್ಮ ನೆಂಟರಲ್ಲೇ ಇದ್ದಾರೆ.

ರೌಟರ್ ಕಡೆ ಇನ್ನೆರಡು ಜಾಗ ನೋಡಿ. ಹೆಸರು ಕಾಣುತ್ತೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಸೇರಲ್ಲ ಅಂದರೆ ಸೆಕ್ಯುರಿಟಿ ಅನ್ನೋ ಕಡೆ ಡಬ್ಲ್ಯುಪಿಎ3 ಅನ್ನೋ ಹೊಸ ಬಗೆಯ ವೈಫೈ ಬೀಗ ಇರಬಹುದು. ಅದು ಬಂದಿದ್ದು 2018ರಲ್ಲಿ, ವಿಂಡೋಸ್ 7ಕ್ಕೆ ಅದರ ಗಂಧಗಾಳಿ ಇಲ್ಲ. ಡಬ್ಲ್ಯುಪಿಎ2, ಎಇಎಸ್ ಅಂತ ಇಡಿ. ಡಬ್ಲ್ಯುಪಿಎ2, 3 ಎರಡೂ ಸೇರಿದ ಮಿಶ್ರ ಆಯ್ಕೆ ಇದ್ದರೆ ಕೆಲವು ಹಳೇ ಕಾರ್ಡು ಅದರಲ್ಲೂ ಎಡವುತ್ತವೆ. ಹಾಗಂತ ಸುಲಭವಾಯ್ತು ಅಂತ ತೀರಾ ಹಳೇ ಬಗೆಯ ಡಬ್ಲ್ಯುಇಪಿಗೆ ಇಳೀಬೇಡಿ, ಅದು ಬೀಗವೇ ಅಲ್ಲ. ಹೆಸರೇ ಕಾಣದೆ, ರೌಟರ್ ವೈಫೈ 6ರದ್ದಾಗಿದ್ದರೆ ಮೋಡ್ ನೋಡಿ: ಹಳೇ ಡ್ರೈವರ್ ಇರುವ ಕೆಲವು ಇಂಟೆಲ್ ಕಾರ್ಡುಗಳಿಗೆ ವೈಫೈ 6ರ, ಅಂದರೆ 'ಎಎಕ್ಸ್' ಮೋಡಿನ ನೆಟ್‌ವರ್ಕು ಪಟ್ಟಿಯಲ್ಲೇ ಬರಲ್ಲ. ಡ್ರೈವರ್ ಹೊಸದು ಸಿಕ್ಕರೆ ಸರಿ, ಇಲ್ಲದಿದ್ದರೆ 2.4ರ ಮೋಡನ್ನು 'ಬಿ/ಜಿ/ಎನ್'ಗೆ ಇಳಿಸಿ. ನಿಮ್ಮ ಮೊಬೈಲು, ಟಿವಿ 5ರಲ್ಲಿದ್ದರೆ ಅವುಗಳಿಗೆ ನಷ್ಟವಿಲ್ಲ.

ಸೇರಿಕೊಂಡಿದೆ, ಆದರೆ ಹಳದಿ ತ್ರಿಕೋನ ಅಂದರೆ ಕಪ್ಪು ಕಿಟಕಿ, ಅದೇ ಕಮಾಂಡ್ ಪ್ರಾಂಪ್ಟ್, ತೆರೆದು ಐಪಿಕಾನ್ಫಿಗ್ (ipconfig) ಅಂತ ಹೊಡೀರಿ. ವಿಳಾಸ 169.254 ಅಂತ ಶುರುವಾದರೆ ರೌಟರ್ ವಿಳಾಸ ಕೊಟ್ಟಿಲ್ಲ, ಲ್ಯಾಪ್‌ಟಾಪು ತನಗೆ ತಾನೇ ಒಂದು ನಂಬರ್ ಹಾಕಿಕೊಂಡು ಕೂತಿದೆ ಅಂತ ಅರ್ಥ. ಒಂದು ಲ್ಯಾನ್ ಕೇಬಲ್ ಹಾಕಿ ನೋಡಿ; ಕೇಬಲ್‌ನಲ್ಲಿ ಬಂದರೆ ಉಳಿದದ್ದು ಬರೀ ವೈಫೈ ತಕರಾರು. ಇನ್ನು ನೆಟ್ ಇದೆ ಅನ್ನುತ್ತೆ, ಆದರೆ ಯಾವ ಸೈಟ್ ತೆರೆದರೂ ಸರ್ಟಿಫಿಕೇಟ್ ತಪ್ಪು ಅಂತ ಬೈಯುತ್ತೆ ಅಂದರೆ ಕೆಳಗೆ ಬಲಗಡೆ ತಾರೀಕು ನೋಡಿ. ಒಳಗಿನ ನಾಣ್ಯದಂಥ ಸೆಲ್ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಓಡಿರುತ್ತೆ.

ಈಗ ಫೋಟೋ ಫೋಲ್ಡರ್ ವಿಷಯ. ಇಲ್ಲೇ ಜನ ಹೆಚ್ಚು ಹಾಳಾಗೋದು, ಯಾಕಂದರೆ ಹುಡುಕಿದರೆ ಸಿಗೋ ಸಲಹೆಗಳಲ್ಲಿ ಅರ್ಧ ಹಳಸಿವೆ. ಮನೆಯ ಕಂಪ್ಯೂಟರುಗಳ ನಡುವೆ ಫೈಲ್ ಹಂಚಿಕೊಳ್ಳೋಕೆ ವಿಂಡೋಸ್‌ನಲ್ಲಿದ್ದ ಹೋಮ್‌ಗ್ರೂಪ್ ಮಾಡಿ ಅನ್ನುತ್ತಾರೆ. ಹೋಮ್‌ಗ್ರೂಪನ್ನು ವಿಂಡೋಸ್ 10ರಿಂದ 2018ರಲ್ಲೇ ತೆಗೆದಾಯ್ತು. ನೆಟ್‌ವರ್ಕಲ್ಲಿ ಫೈಲ್ ಹಂಚೋ ಹಳೇ ಪದ್ಧತಿ ಎಸ್ಎಂಬಿ1 ಆನ್ ಮಾಡಿ ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳೋ ವಾನ್ನಾಕ್ರೈ ವೈರಸ್ ಜಗತ್ತಿನ ತುಂಬ ನುಗ್ಗಿದ್ದು ಅದೇ ಬಾಗಿಲಿಂದ. ಅಲ್ಲದೆ ವಿಂಡೋಸ್ 7ಕ್ಕೆ ಅದರ ಅಗತ್ಯವೇ ಇಲ್ಲ, ಅದಕ್ಕೆ ಎಸ್ಎಂಬಿ2 ಬರುತ್ತೆ. ಎಕ್ಸ್‌ಪಿ ಇದ್ದಿದ್ದರೆ ಮಾತು ಬೇರೆ, ಆಗ ಪೆನ್‌ಡ್ರೈವೇ ಗತಿ.

ಎರಡೂ ಮೆಷಿನ್ ಒಂದೇ ವೈಫೈಯಲ್ಲಿವೆಯಾ, ಒಂದು 'ಗೆಸ್ಟ್' ಹೆಸರಿಗೆ ಸೇರಿಲ್ಲವಾ ನೋಡಿ. ಗೆಸ್ಟ್‌ನಲ್ಲಿರೋರು ಮನೆಯವರನ್ನು ಮಾತಾಡಿಸೋ ಹಾಗಿಲ್ಲ. ಹೊಸದರಲ್ಲಿ ನೆಟ್‌ವರ್ಕ್ 'ಪ್ರೈವೇಟ್', ಹಳೇದರಲ್ಲಿ 'ಹೋಮ್' ಅಂತ ಇರಲಿ. 'ಪಬ್ಲಿಕ್' ಇದ್ದರೆ ಬಸ್‌ಸ್ಟ್ಯಾಂಡಲ್ಲಿ ಕೂತ ಹಾಗೆ ಮುಖ ಮುಚ್ಚಿಕೊಂಡಿರುತ್ತೆ. ಇಷ್ಟಾದರೂ ಹೊಸ ಕಂಪ್ಯೂಟರ್ ಯೂಸರ್ ನೇಮ್, ಪಾಸ್‌ವರ್ಡ್ ಕೇಳ್ತಾನೇ ಇದ್ದರೆ, ಏನು ಕೊಟ್ಟರೂ ಒಪ್ಪದಿದ್ದರೆ, ನನ್ನ ಊಹೆ: ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡೇ ಇಲ್ಲ.

ನಮ್ಮಪ್ಪನದೂ ಹಾಗೇ. ಮುಚ್ಚಳ ತೆಗೆದರೆ ನೇರ ಡೆಸ್ಕ್‌ಟಾಪ್. ಆದರೆ ಪಾಸ್‌ವರ್ಡ್ ಇಲ್ಲದ ಖಾತೆಯಿಂದ ಎದುರು ಕೂತು ಒಳಗೆ ಹೋಗಬಹುದೇ ಹೊರತು ನೆಟ್‌ವರ್ಕ್ ಮೂಲಕ ಬರೋರನ್ನು ವಿಂಡೋಸ್ ಒಳಗೆ ಬಿಡಲ್ಲ. ಅದು ತಾನಾಗೇ ಇರೋ ನಿಯಮ. ಪಾಸ್‌ವರ್ಡ್ ಹಾಕೋಣ ಅಂದರೆ ಅಪ್ಪ, "ನನ್ ಮನೇಲಿ ನನಗೆ ಬೀಗವಾ?" ಅಂದರು. ಕೊನೆಗೆ ಲ್ಯಾಪ್‌ಟಾಪಲ್ಲಿ 'ಫೋಟೋ' ಅಂತ ಇನ್ನೊಂದು ಸಾದಾ ಖಾತೆ ತೆರೆದು ಅದಕ್ಕೆ ಪಾಸ್‌ವರ್ಡ್ ಕೊಟ್ಟೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಶೇರ್ ವಿತ್, ಆ ಖಾತೆಯ ಹೆಸರು ಸೇರಿಸಿ 'ರೀಡ್' ಮಾತ್ರ. ಹೊಸ ಕಂಪ್ಯೂಟರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ ಲ್ಯಾಪ್‌ಟಾಪಿನ ಐಪಿ, ಅಂದರೆ ಐಪಿಕಾನ್ಫಿಗ್ ತೋರಿಸೋ ವಿಳಾಸ, ಹೊಡೆದೆ, ಹೀಗೆ: \\192.168.1.7. ಕೇಳಿದಾಗ ಲ್ಯಾಪ್‌ಟಾಪಿನ ಹೆಸರು, ಒಂದು ಹಿಂದೋರೆ ಗೆರೆ, ಆಮೇಲೆ ಖಾತೆಯ ಹೆಸರು, ಕೆಳಗೆ ಪಾಸ್‌ವರ್ಡ್. ಅಕ್ಕನ ಮದುವೆಯ ಫೋಟೋಗಳು ಸಾಲಾಗಿ ಬಂದು ಕೂತವು. ಬೆಳಗ್ಗೆ ಅಪ್ಪನಿಗೆ ಈಗ ಎರಡು ಹೆಸರು ಕಾಣುತ್ತೆ, ತಮ್ಮದರ ಮೇಲೆ ಒಂದು ಸಲ ಕ್ಲಿಕ್ ಮಾಡಬೇಕು. ಅದಕ್ಕೂ ಗೊಣಗುತ್ತಾರೆ.

ನೆಟ್‌ವರ್ಕ್ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಹೆಸರು ಕಾಣದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಐಪಿ ಹೊಡೆದರೆ ತೆರೆಯೋದು ಮುಖ್ಯ. ಆ ಐಪಿ ದಿನಕ್ಕೊಂದಾಗಬಾರದು ಅಂದರೆ ರೌಟರ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತೆ, ಲ್ಯಾಪ್‌ಟಾಪಿಗೆ ಒಂದು ನಂಬರ್ ಕಾದಿರಿಸಿ.

ಒಂದು ಮಾತು ಖಡಾಖಂಡಿತ: ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ. ಆ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿ, ಫೋಟೋ ಇಡಿ, ಹಾಡು ಕೇಳಿ. ಬ್ಯಾಂಕ್ ಕೆಲಸ ಮಾತ್ರ ಬೇಡ.

ಚಾನೆಲ್ ಬದಲಿಸಿ ರೌಟರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಿ. ಆಮೇಲೂ ಹೆಸರು ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಕಾರ್ಡಿನ ಹೆಸರು ಏನಿದೆ ಅಂತ ಇಲ್ಲೇ ಬರೀರಿ. ಡಾಂಗಲ್ ಬೇಕೇ ಬೇಕಾದರೆ ಅಪ್ಪನ ಡ್ರಾಯರಲ್ಲಿ ಒಂದು ಸುಮ್ಮನೆ ಬಿದ್ದಿದೆ, ಹನುಮಂತನಗರದ ಕಡೆ ಬಂದರೆ ಕೊಡ್ತೀನಿ.