ಆ ಉರಿಯನ್ನು ಸಹಿಸಬೇಡಿ

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ. ದಿನಾ ಬೆಳಗ್ಗೆ ರೈಲು ಹಿಡಿದು ಮೈಸೂರಿನ ಕಚೇರಿಗೆ ಹೋಗಿಬರುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ‘ನಿಮ್ಮ ಪತ್ರಿಕೆಯಲ್ಲಿ ರೀಫಿಲ್ ಹಾಕಿಕೊಳ್ಳುವ ಪರಿಸರಸ್ನೇಹಿ ಡಿಯೋಡರೆಂಟ್ ಬಗ್ಗೆ ಓದಿದ ಮಗಳು ಬೆಂಗಳೂರಿನಿಂದ ಒಂದನ್ನು ತಂದುಕೊಟ್ಟಳು. ಅಲ್ಯೂಮಿನಿಯಂ ಡಬ್ಬಿ, ಒಳಗೆ ರಟ್ಟಿನ ಕೊಳವೆಯಲ್ಲಿ ಗಟ್ಟಿ ಮುಲಾಮು. ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರಕ್ಕೆ ಕಂಕುಳು ಕೆಂಪಾಗಿ ಉರಿ ಶುರುವಾಯಿತು. ದೇಹದ ವಿಷ ಹೊರಹೋಗುತ್ತಿದೆ, ಕೆಲವು ವಾರ ತಡೆದುಕೊಳ್ಳಿ ಎಂದು ಜೊತೆಗಿದ್ದ ಚೀಟಿ ಹೇಳುತ್ತದೆ. ಏಪ್ರಿಲ್‌ನಲ್ಲಿ ಅದು ಬ್ಯಾಗಿನಲ್ಲೇ ಕರಗಿ ಟಿಫಿನ್ ಬಟ್ಟೆಯೆಲ್ಲ ಜಿಡ್ಡಾಯಿತು. ಪರಿಸರಕ್ಕಾಗಿ ಇಷ್ಟಾದರೂ ಸಹಿಸಬಾರದೇನಮ್ಮ ಎನ್ನುತ್ತಾಳೆ ಮಗಳು. ಸಹಿಸಲೇ? ಹಳೆಯ ಸ್ಪ್ರೇ ಡಬ್ಬಿಗೇ ಮರಳಿದರೆ ತಪ್ಪಾಗುತ್ತದೆಯೇ?’

ಪ್ರಿಯ ಸೋದರಿ,

ಅದನ್ನು ಇವತ್ತೇ ನಿಲ್ಲಿಸಿ. ಉಳಿದದ್ದನ್ನೆಲ್ಲ ಆಮೇಲೆ ಓದಿ.

ಚೀಟಿಯಲ್ಲಿರುವ ವಿಷದ ಮಾತು ಸುಳ್ಳು. ಮೈಯೊಳಗಿನ ಕಶ್ಮಲ ಸೋಸುವ ಕೆಲಸ ಪಿತ್ತಜನಕಾಂಗದ್ದು, ಮೂತ್ರಪಿಂಡಗಳದ್ದು. ಬೆವರಿನ ಕೆಲಸ ಮೈ ತಂಪು ಮಾಡುವುದು. ಕಂಕುಳಿನಿಂದ ಯಾವ ವಿಷವೂ ವಾರಗಟ್ಟಲೆ ಕ್ಯೂ ನಿಂತು ಹೊರಬರುವುದಿಲ್ಲ. ಅಲ್ಲಿ ಕೆಂಪಾಗಿ ಉರಿಯುತ್ತಿರುವುದು ಗಾಯಗೊಂಡ ಚರ್ಮ. ತಾನು ಮಾರಿದ ವಸ್ತುವಿನಿಂದಾದ ತೊಂದರೆಯನ್ನು ಕೊಂಡವರ ಮೈಯ ದೋಷವೆಂದು ಹೇಳಿ, ಇನ್ನೂ ಹಚ್ಚಿ ಎನ್ನುವ ಈ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಆ ಉರಿ ಎಲ್ಲಿಂದ ಬಂತು? ನೀವು ಪತ್ರದ ಜೊತೆ ಲೇಬಲ್ಲಿನ ಫೋಟೋ ಕಳಿಸಿದ್ದು ಬಹಳ ಉಪಕಾರವಾಯಿತು. ಕೊಬ್ಬರಿ ಎಣ್ಣೆ, ಜೇನುಮೇಣ, ಕೂವೆ ಹಿಟ್ಟು, ಸುಗಂಧ ತೈಲ, ಮತ್ತು ಸೋಡಿಯಂ ಬೈಕಾರ್ಬೋನೇಟ್. ಕೊನೆಯದು ನಮ್ಮ ಅಡುಗೆ ಸೋಡ. ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಗುಣದ್ದು, ಅದರ ಪಿಎಚ್ (ಹುಳಿ, ಕ್ಷಾರ ಗುಣಗಳ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ) 5ರ ಆಸುಪಾಸು. ನೀರಿಗೆ ಬಿದ್ದ ಸೋಡದ ಪಿಎಚ್ 8ಕ್ಕಿಂತ ಮೇಲೆ. ಈ ಅಳತೆಯಲ್ಲಿ ಒಂದು ಅಂಕೆ ಏರಿದರೆ ಹತ್ತು ಪಟ್ಟು ವ್ಯತ್ಯಾಸ, ಮೂರು ಏರಿದರೆ ಸಾವಿರ ಪಟ್ಟು. ಅಂಥದ್ದನ್ನು ಮಡಿಕೆ ಬಿದ್ದು ಸದಾ ತೇವವಾಗಿರುವ, ಬಟ್ಟೆ ಉಜ್ಜುವ ಜಾಗಕ್ಕೆ ದಿನವೂ ತಿಕ್ಕಿದರೆ ಕೆಲವರಿಗೆ ತಡೆಯುತ್ತದೆ, ಅನೇಕರಿಗೆ ತಡೆಯುವುದಿಲ್ಲ. ಮೊದಲ ವಾರ ಏನೂ ಆಗದೆ ಎರಡನೇ ವಾರ ಉರಿ ಹತ್ತುವುದೂ ಸಾಮಾನ್ಯ, ರಕ್ಷಣೆಯ ಪದರ ಸವೆಯಲು ಅಷ್ಟು ದಿನ ಬೇಕು. ಸುಗಂಧ ತೈಲಗಳಿಂದಲೂ ಕೆಲವರಿಗೆ ಅಲರ್ಜಿಯಾಗುತ್ತದೆ. ಒಂದು ವಾರ ಏನನ್ನೂ ಹಚ್ಚದೆ, ಸಾದಾ ಸೋಪಿನಿಂದ ತೊಳೆದು, ಒರಸಿ ಒಣಗಿಸಿ. ಆಗಲೂ ಇಳಿಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಫಂಗಸ್ ಕೂಡ ಹೀಗೇ ಕೆಂಪಾಗಿ ಕಾಣುತ್ತದೆ. ನಿಂಬೆಹಣ್ಣು ಉಜ್ಜಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಂಬೆರಸ ಬಿದ್ದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತೆ ಬೊಬ್ಬೆಯೇಳುವುದುಂಟು.

ಇಲ್ಲಿ ನಮ್ಮ ತಪ್ಪೂ ಇದೆ. ಆ ಲೇಖನವನ್ನು ಅಚ್ಚಿಗೆ ಕಳಿಸಿದವಳು ನಾನು. ಅದರಲ್ಲಿ ಡಬ್ಬಿಯ ವರ್ಣನೆ ಒಂದು ಪುಟವಿತ್ತು, ಒಳಗೇನಿದೆ ಎಂಬುದು ಒಂದು ಸಾಲೂ ಇರಲಿಲ್ಲ. ನಿಮ್ಮ ಉರಿಗೆ ನಮ್ಮ ಪಾಲೂ ಇರುವುದರಿಂದ ಕ್ಷಮೆ ಕೇಳುತ್ತೇನೆ.

ಮಂಡ್ಯದಲ್ಲಿ ಹತ್ತಿ, ಪಾಂಡವಪುರ, ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಮೇಲಿನ ಹಿಡಿ ಹಿಡಿದು ನಿಂತ ಕೈಯನ್ನು ಇಳಿಸಲೂ ಜಾಗವಿಲ್ಲದೆ, ರವಿಕೆ ಒದ್ದೆಯಾಗಿ ನಾಚಿಕೆಯಾಗುತ್ತದೆ ಎಂದು ಬರೆದಿದ್ದೀರಿ. ಈ ಒಂದು ವಾಕ್ಯ ಓದಿದ ಮೇಲೆಯೇ ಉತ್ತರವನ್ನು ದೀರ್ಘವಾಗಿ ಬರೆಯಬೇಕೆನಿಸಿತು. ಒದ್ದೆಯಾಗುವುದು ಬೇರೆ, ನಾತ ಬೇರೆ. ಹೊಸದಾಗಿ ಒಸರಿದ ಬೆವರಿಗೆ ವಾಸನೆ ಇಲ್ಲವೆಂದೇ ಹೇಳಬೇಕು. ಕಂಕುಳಿನಲ್ಲಿ ಎರಡು ಬಗೆಯ ಬೆವರಗ್ರಂಥಿಗಳಿವೆ. ಒಂದು ಮೈತುಂಬ ಇರುವಂಥದ್ದು, ನೀರು ಮತ್ತು ಉಪ್ಪು ಬಿಡುತ್ತದೆ. ಇನ್ನೊಂದು ಹರೆಯ ಬಂದಾಗ ಎಚ್ಚೆತ್ತು ಸ್ವಲ್ಪ ಜಿಡ್ಡಿನಂಥದ್ದನ್ನು ಬಿಡುತ್ತದೆ. ಆ ಜಿಡ್ಡನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ಕಮಟು ವಾಸನೆ ಹುಟ್ಟುತ್ತದೆ. ಡಿಯೋಡರೆಂಟ್ ಆ ಬ್ಯಾಕ್ಟೀರಿಯಾವನ್ನು ತಗ್ಗಿಸಿ ವಾಸನೆ ಮುಚ್ಚುತ್ತದೆ, ಅಷ್ಟೇ. ಬೆವರನ್ನೇ ತಡೆಯುವುದು ಆಂಟಿಪರ್ಸ್ಪಿರೆಂಟ್. ಅದರಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ರಂಧ್ರದ ಬಾಯಲ್ಲಿ ತಾತ್ಕಾಲಿಕವಾದ ಅಂಟುಬಿರಡೆಯಾಗಿ ಕೂರುತ್ತದೆ. ಹಾಗಾಗಿ ನಿಮ್ಮ ಮಗಳು ತಂದ ಮುಲಾಮು ಎಷ್ಟೇ ಒಳ್ಳೆಯದಾಗಿದ್ದರೂ ರವಿಕೆ ಒದ್ದೆಯಾಗುವುದನ್ನು ತಪ್ಪಿಸುತ್ತಿರಲಿಲ್ಲ. ಹತ್ತಿಯ ರವಿಕೆ, ಟೈಲರ್ ಒಳಗೆ ಹೊಲಿದುಕೊಡುವ ಬೆವರಿನ ಪಟ್ಟಿ, ಇವೇ ಆ ಕೆಲಸಕ್ಕೆ ಮೇಲು. ಪಾಲಿಯೆಸ್ಟರ್ ಬಟ್ಟೆಯಲ್ಲಂತೂ ಒಗೆದ ಮೇಲೂ ವಾಸನೆ ಉಳಿದುಕೊಳ್ಳುತ್ತದೆ.

ಕರಗಿದ್ದಕ್ಕೆ ಕಾರಣ ನಿಮ್ಮ ಮನೆಯ ಬಚ್ಚಲಿನಲ್ಲೇ ಇದೆ. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಹೆಪ್ಪುಗಟ್ಟಿ, ಬಿಸಿನೀರಿನ ಹಂಡೆಯ ಪಕ್ಕ ಇಟ್ಟುಕೊಳ್ಳುತ್ತೇವಲ್ಲ? ಆ ಎಣ್ಣೆ 24-25 ಡಿಗ್ರಿಯಲ್ಲಿ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ 35 ಡಿಗ್ರಿ ಇರುತ್ತದೆ, ಮುಚ್ಚಿದ ಬ್ಯಾಗಿನೊಳಗೆ ಇನ್ನೂ ಹೆಚ್ಚು. ಈ ಗಟ್ಟಿ ಮುಲಾಮಿನ ಹದ ರೂಢಿಗೆ ಬಂದದ್ದು ಚಳಿ ದೇಶಗಳ ಬಚ್ಚಲುಮನೆಗೆ. ನಮ್ಮಲ್ಲಿ ಮಾಡುವವರು ಮೇಣವನ್ನು ಜಾಸ್ತಿ ಹಾಕಬೇಕು, ಇಲ್ಲವೇ ಅಗಲ ಬಾಯಿಯ ಡಬ್ಬಿಯಲ್ಲಿ ತುಂಬಿ ಬೆರಳಿನಿಂದ ಹಚ್ಚಿಕೊಳ್ಳಿ ಎನ್ನಬೇಕು.

ಇನ್ನು ರೀಫಿಲ್ ಮಾತು. ನಿಮ್ಮ ಪತ್ರದಲ್ಲಿ ಈ ಪ್ರಶ್ನೆ ಇರಲಿಲ್ಲ, ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಲೇಖನ ಬಂದ ಮೇಲೆ ನಾನೂ ಅಂಥದ್ದೊಂದನ್ನು ತರಿಸಿ ಐದು ತಿಂಗಳು ಬಳಸಿದೆ, ಸೋಡ ಇಲ್ಲದ್ದು. ಚರ್ಮಕ್ಕೆ ಒಗ್ಗಿತು, ವಾಸನೆಯನ್ನೂ ಸಂಜೆಯವರೆಗೆ ತಡೆಯಿತು. ಮೊದಲ ಕೊಳವೆ ಮುಗಿದಾಗ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಫ್ಯಾನ್ಸಿ ಅಂಗಡಿಗಳಲ್ಲಿ, ದೇವರಾಜ ಮಾರುಕಟ್ಟೆಯ ಸುತ್ತ ಕೇಳಿದೆ. ಒಬ್ಬ ಅಂಗಡಿಯವರು ರೀಫಿಲ್ ಅಂದೊಡನೆ ಬಾಲ್‌ಪೆನ್ನಿನದನ್ನು ತೆಗೆದಿಟ್ಟರು. ಕೊನೆಗೆ ದೂರದ ಊರಿಂದ ಕೊರಿಯರ್‌ನಲ್ಲಿ ತರಿಸಿದೆ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಕೊಳವೆಗೆ ಚಪ್ಪಲಿ ಹಿಡಿಸುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಸುತ್ತ ಗಾಳಿಗುಳ್ಳೆಯ ಪ್ಲಾಸ್ಟಿಕ್, ಮೇಲೆ ಪ್ಲಾಸ್ಟಿಕ್ ಟೇಪು. ಮೂರನೇ ಸಲ ತರಿಸುವಾಗ ಕೊಳವೆಯ ಅಳತೆಯೇ ಬದಲಾಗಿತ್ತು. ಹಳೆಯ ಡಬ್ಬಿಗೆ ಕೂರಲಿಲ್ಲ. ಹೊಸ ಡಬ್ಬಿ ಕೊಳ್ಳಿ ಎಂದು ಉತ್ತರ ಬಂತು.

ಈ ವ್ಯವಸ್ಥೆಯ ಲೆಕ್ಕವೆಲ್ಲ ನಿಂತಿರುವುದೇ ಹೊರಗಿನ ಡಬ್ಬಿಯ ಆಯುಸ್ಸಿನ ಮೇಲೆ. ಅಲ್ಯೂಮಿನಿಯಂ ಅದಿರಿನಿಂದ ತೆಗೆಯಲು ವಿಪರೀತ ವಿದ್ಯುತ್ ಬೇಕು. ಹಳೆಯದನ್ನು ಕರಗಿಸಿ ಮತ್ತೆ ಮಾಡಿದರೆ ಅದರಲ್ಲಿ ಶೇ. 95ರಷ್ಟು ಉಳಿತಾಯವಾಗುತ್ತದೆ. ಅಂಥ ಭಾರದ ಡಬ್ಬಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ಮತ್ತೆ ಮತ್ತೆ ತುಂಬಿಸಿದರೆ ಮಾತ್ರ ಲಾಭ. ಎರಡು ಸಲಕ್ಕೆ ಬಿಟ್ಟರೆ ಒಂದು ಸಾದಾ ಪ್ಲಾಸ್ಟಿಕ್ ಕೊಳವೆಗಿಂತ ಹೆಚ್ಚೇ ಖರ್ಚು ಮಾಡಿದ ಹಾಗಾಯಿತು. ಗಾಣದೆಣ್ಣೆಗೆ ನಮ್ಮ ಕ್ಯಾನನ್ನು ನಾವೇ ಒಯ್ಯುತ್ತೇವೆ, ಅಲ್ಲಿ ರೀಫಿಲ್ ಎಂಬ ಪದವನ್ನೇ ಯಾರೂ ಬಳಸುವುದಿಲ್ಲ. ಗಾಣ ಬೀದಿಯ ಕೊನೆಯಲ್ಲಿದೆ, ಯಾವ ಅಳತೆಯ ಕ್ಯಾನ್ ಆದರೂ ಸರಿ, ಕೊಳವೆಯಿಟ್ಟು ಸುರಿದುಕೊಡುತ್ತಾರೆ. ಡಿಯೋಡರೆಂಟಿಗೆ ಅಂಥ ಒಂದು ಅಂಗಡಿ ಮಂಡ್ಯದ ಪೇಟೆಬೀದಿಯಲ್ಲಿ ಆಗುವವರೆಗೆ, ನಿಮ್ಮ ಕೈಲಿರುವುದು ಬೆಲೆ ಹೆಚ್ಚಿನ ಡಬ್ಬಿ ಎಂದೇ ನನ್ನ ಅಭಿಪ್ರಾಯ.

ಸ್ಪ್ರೇಗೆ ಮರಳಿದರೆ ತಪ್ಪೇ ಎಂದು ಕೇಳಿದ್ದೀರಿ. ತಪ್ಪೇನಿಲ್ಲ. ಹಿಂದೆ ಸ್ಪ್ರೇ ಡಬ್ಬಿಗಳಲ್ಲಿದ್ದು ಓಝೋನ್ ಪದರವನ್ನು ತಿನ್ನುತ್ತಿದ್ದ ಸಿಎಫ್‌ಸಿ ಅನಿಲಗಳು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಬಳಕೆಯಿಂದ ಹೋದವು. ಈಗಿನ ಹೆಚ್ಚಿನ ಸ್ಪ್ರೇಗಳಲ್ಲಿ ತಳ್ಳುಗಾಳಿಯಾಗಿ ಇರುವುದು ಅಡುಗೆ ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯುಟೇನ್‌ಗಳೇ. ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಹೊಡೆಯಬೇಡಿ. ಆದರೂ ನಾನು ಸ್ಪ್ರೇಗಿಂತ ಮೊದಲು ಪಟಿಕವನ್ನು ಸೂಚಿಸುತ್ತೇನೆ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ ಆ ಬಿಳಿ ಕಲ್ಲು ಯಾವ ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ, ಕಾಗದದಲ್ಲಿ ಸುತ್ತಿಕೊಡುತ್ತಾರೆ. ಸ್ನಾನವಾದ ಮೇಲೆ ಕಲ್ಲನ್ನು ಒದ್ದೆ ಮಾಡಿ ಎರಡು ಸಲ ಉಜ್ಜಿ, ಆರಲು ಬಿಟ್ಟು ರವಿಕೆ ತೊಡಬೇಕು. ಕಲ್ಲನ್ನು ಒರಸಿ ಒಣಗಿಸಿಟ್ಟರೆ ಒಂದು ತುಂಡು ತಿಂಗಳುಗಟ್ಟಲೆ ಬರುತ್ತದೆ. ಉರಿ ಪೂರ್ತಿ ಆರಿದ ಮೇಲೆ ಮಾತ್ರ ಇದನ್ನು ಮಾಡಿ, ಇಲ್ಲವಾದರೆ ಚುರುಕೆನ್ನುತ್ತದೆ. ಬೆವರನ್ನು ಇದು ಹೆಚ್ಚು ತಡೆಯುವುದಿಲ್ಲ, ನಾತವನ್ನು ತಗ್ಗಿಸುತ್ತದೆ.

ಇದನ್ನೇ ನಯವಾಗಿ ಕಡೆದು, ‘ಕ್ರಿಸ್ಟಲ್’ ಎಂದು ಹೆಸರಿಟ್ಟು, ‘ಅಲ್ಯೂಮಿನಿಯಂ ರಹಿತ’ ಎಂದು ಮಾರುವುದನ್ನು ನೋಡಿದ್ದೇನೆ. ಪಟಿಕವೆಂದರೆ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್, ಅಲ್ಯೂಮಿನಿಯಂ ಇಲ್ಲದ ಪಟಿಕವೇ ಇಲ್ಲ. ಅದಕ್ಕೆ ಹೆದರಬೇಕಾಗಿಯೂ ಇಲ್ಲ. ಕಂಕುಳಿಗೆ ಹಚ್ಚುವ ಅಲ್ಯೂಮಿನಿಯಂನಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಮಾತು ವರ್ಷಗಳಿಂದ ಓಡಾಡುತ್ತಿದ್ದರೂ ಅದಕ್ಕೆ ಸ್ಪಷ್ಟ ಆಧಾರ ಸಿಕ್ಕಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಅಲ್ಯೂಮಿನಿಯಂ ಇರುವ ಆಂಟಿಪರ್ಸ್ಪಿರೆಂಟನ್ನು ವೈದ್ಯರನ್ನು ಕೇಳಿ ಬಳಸಬೇಕು.

ಮುಲಾಮೇ ಬೇಕೆಂದರೆ ಲೇಬಲ್ ಓದಿ, ಸೋಡದ ಬದಲು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಅಥವಾ ಸತುವಿನ ಲವಣ ಇರುವುದನ್ನು ಆರಿಸಿ. ಮೊದಲು ಮೊಣಕೈ ಒಳಮಗ್ಗುಲಿಗೆ ಮೂರು ನಾಲ್ಕು ದಿನ ಹಚ್ಚಿ ನೋಡಿ.

ಮಗಳಿಗೆ ನನ್ನ ಮಾತೆಂದು ಹೇಳಿ: ಅವಳ ಕಾಳಜಿ ದೊಡ್ಡದು, ಅದು ಹಾಗೇ ಇರಲಿ. ಆದರೆ ಬೆಳಗ್ಗೆ ಎಲ್ಲರ ಡಬ್ಬಿಗೆ ಅನ್ನ ತುಂಬಿ, ರೈಲಿನಲ್ಲಿ ಕೈಯೆತ್ತಿ ನಿಂತು ಹೋಗುವ ಅಮ್ಮನ ಕಂಕುಳಿನ ಹುಣ್ಣಿನಿಂದ ಭೂಮಿಗೆ ಯಾವ ಉಪಕಾರವೂ ಆಗುವುದಿಲ್ಲ. ಸೋಡ ಏಕೆ ಹಾಕಿದಿರಿ, ಡಬ್ಬಿಯ ಅಳತೆ ಬದಲಾಯಿಸುವುದಿಲ್ಲವೆಂದು ಬರೆದುಕೊಡುತ್ತೀರಾ ಎಂದು ಆ ಕಂಪನಿಗೆ ಅವಳು ಒಂದು ಕಾಗದ ಬರೆಯಲಿ. ಅವಳ ವಯಸ್ಸಿನವರು ಕೇಳಿದರೆ ಅವರು ಕಿವಿಗೊಡುತ್ತಾರೆ.

ಉಳಿದಿರುವ ಮುಲಾಮನ್ನು ಎಸೆಯಬೇಡಿ. ಅಂಗಾಲಿನ ಚರ್ಮ ದಪ್ಪ, ಶೂ ಹಾಕುವ ಮುಂಚೆ ಮನೆಯವರು ತೆಳುವಾಗಿ ಹಚ್ಚಿಕೊಂಡು ನೋಡಬಹುದು. ಖಾಲಿಯಾದ ರಟ್ಟಿನ ಕೊಳವೆಯ ಒಳಗೆ ಪ್ಲಾಸ್ಟಿಕ್ ಪೊರೆ ಇದೆಯೇ ಎಂದು ಸೀಳಿ ನೋಡಿ, ಇಲ್ಲದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ. ಡಬ್ಬಿಯನ್ನು ಗುಜರಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕೂ ಮುಂಚೆ, ನಮ್ಮ ಡಬ್ಬಿಗೇ ತುಂಬಿಕೊಡುವ ಅಂಗಡಿ ಮಂಡ್ಯ, ಮೈಸೂರಿನಲ್ಲಿ ಎಲ್ಲಾದರೂ ಇದ್ದರೆ ಓದುಗರು ದಯವಿಟ್ಟು ವಿಳಾಸ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಉರಿ ಇಳಿಯಿತೇ ಎಂದು ನೀವೂ ಎರಡು ಸಾಲು ಬರೆಯಿರಿ.

– ಸಂಪಾದಕಿ